ಚುಕ್ಕಿ ಮುಟ್ಟದ ಗೆರೆ

1994 ನವೆಂಬರ್ 21, ಸೋಮವಾರ. ವಿಶಾಖಪಟ್ಟಣ

ಮದುವೆಯಾಗಿ ಎರಡು ವಾರವಾಯಿತು, ನನಗೆ ಇನ್ನೂ ನಗು ನಿಂತಿಲ್ಲ! ಹಲ್ಲುಜ್ಜುವಾಗಲೂ ನಗು, ಸೊಪ್ಪು ಬಿಡಿಸುವಾಗಲೂ ನಗು. ಬೆಳಿಗ್ಗೆ ಅತ್ತೆ ಕೇಳಿಯೇಬಿಟ್ಟರು: "ಏಮ್ಮಾ ಪದ್ದೂ, ಒಬ್ಬಳೇ ನಗ್ತಾ ಇರ್ತೀಯಲ್ಲ, ಮೈಸೂರಲ್ಲೂ ಹೀಗೇನಾ?"

ಅತ್ತೆ ಕೋಟೇಶ್ವರಮ್ಮ ಇಲ್ಲಿಯ ತೆಲುಗಿನವರು. ತೀರಿಹೋದ ಮಾವ ಮಂಡ್ಯದ ಕಡೆಯವರು, ಬಂದರಿನಲ್ಲಿ ಕೆಲಸ ಹಿಡಿದು ಇಲ್ಲೇ ನೆಲೆಸಿದ್ದರಂತೆ. ಮಾವನಿಗಾಗಿ ಕಲಿತ ಕನ್ನಡವನ್ನು ಅತ್ತೆ ಈಗ ನನ್ನ ಮೇಲೆ ಪ್ರಯೋಗಿಸುತ್ತಾರೆ. ಮೊನ್ನೆ ನಾನು ಅವರೆದುರಿಗೇ "ಪ್ರಕಾಶ್, ಟವೆಲ್ ತಗೊಳ್ಳಿ" ಅಂದುಬಿಟ್ಟೆ. ಅತ್ತೆಯ ಕೈಯಿಂದ ಸೌಟು ಜಾರಿತು. ಅಂದಿನಿಂದ ಅವರ ಮುಂದೆ "ರೀ", ಕೋಣೆಯೊಳಗೆ ಪ್ರಕಾಶ್. ಈ ಡೈರಿಯಲ್ಲೂ ಪ್ರಕಾಶ್!

ಕಾನ್ವೆಂಟಿನಲ್ಲಿದ್ದಾಗ ಡೈರಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಇಲ್ಲಿ ಹಾಗೆ ಬರೆದರೆ ಪ್ರಕಾಶ್ ಸಲೀಸಾಗಿ ಓದುತ್ತಾರೆ. ಕನ್ನಡ ಅವರಿಗೆ ಮಾತಾಡಲು ಮಾತ್ರ ಬರುತ್ತದೆ. ತೆಲುಗು ಅಕ್ಷರದ ಹೋಲಿಕೆ ಹಿಡಿದು ಕೂಡಿಸಿ ಓದಿದರೂ ಓದಿಯಾರು ಎಂದು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೇನೆ.

ಅವರ ಕೆಲಸ ಎಷ್ಟು ಗ್ರ್ಯಾಂಡ್ ಗೊತ್ತೇ! ಊರಿನ ವಿಮಾನಗಳಷ್ಟೇ ಅಲ್ಲ, ಕರಾವಳಿಯ ಮೇಲೆ ಎತ್ತರದಲ್ಲಿ ಹಾದುಹೋಗುವ ವಿಮಾನಗಳನ್ನೆಲ್ಲ ಇವರ ಕಂಟ್ರೋಲ್ ರೂಮಿನವರೇ ಒಂದಕ್ಕೊಂದು ತಾಗದಂತೆ ದಾಟಿಸಬೇಕು. ಅದೂ ಕಣ್ಣಿಗೆ ಕಾಣದೆ. ರಾಡಾರ್ ಇಲ್ಲ. ಹಾಸಿಗೆಯ ಮೇಲೆ ನನ್ನ ಬಳೆಗಳನ್ನು ಸಾಲಾಗಿಟ್ಟು ವಿವರಿಸಿದರು: ಆಕಾಶದಲ್ಲಿ ಗೊತ್ತಾದ ಜಾಗಗಳಿವೆ, ಒಂದೊಂದಕ್ಕೂ ಹೆಸರಿದೆ. ವಿಮಾನಗಳು ಆ ಜಾಗಗಳ ಮೇಲೆಯೇ ಹೋಗಬೇಕು, ಹಾದಾಗ ಪೈಲಟ್ ರೇಡಿಯೋದಲ್ಲಿ ಹೇಳಬೇಕು. ಇವರ ಮುಂದೆ ಒಂದು ಬೋರ್ಡು. ಒಂದೊಂದು ಜಾಗಕ್ಕೆ ಒಂದೊಂದು ಸಾಲು. ಒಂದೊಂದು ವಿಮಾನಕ್ಕೂ ಒಂದೊಂದು ಚೀಟಿ. ಒಂದೇ ಸಾಲಿನಲ್ಲಿ ಎರಡು ಚೀಟಿಗಳ ಹೊತ್ತೂ ಎತ್ತರವೂ ಕೂಡಿಬಂದರೆ ಎಚ್ಚರ!

"ಅಷ್ಟೇನಾ?" ಅಂದೆ.

"ಅಷ್ಟೇ. ನಿನ್ನ ಅಡಿಗೆ ಥರಾನೇ. ಯಾವಾಗ ಉಕ್ಕುತ್ತೆ ಅಂತ ಗೊತ್ತಿದ್ರೆ ಸಾಕು."

ನನ್ನ ಅಡಿಗೆ ಗೊತ್ತಿಲ್ಲದೆಯೇ ಉಕ್ಕುತ್ತದೆ. ಅದನ್ನು ಹೇಳಲಿಲ್ಲ.

ಡಿಸೆಂಬರ್ 2, ಶುಕ್ರವಾರ

ನಿನ್ನೆಯಿಂದ ಅವರ ಆಫೀಸಿನಲ್ಲಿ ಹೊಸ ಪ್ರಯೋಗ ಶುರುವಾಗಿದೆ. ದಾರಿ ಹುಡುಕುವ ಒಳ್ಳೆಯ ಯಂತ್ರವಿರುವ ವಿಮಾನಗಳು ಇನ್ನು ಮುಂದೆ ಆ ಹೆಸರಿನ ಜಾಗಗಳನ್ನೆಲ್ಲ ಸುತ್ತಬೇಕಾಗಿಲ್ಲ, ಹೊರಟಲ್ಲಿಂದ ಮುಟ್ಟುವಲ್ಲಿಗೆ ನೇರವಾಗಿ ಹೋಗಬಹುದು. ಇಂಧನ ಉಳಿತಾಯ, ಹೊತ್ತು ಉಳಿತಾಯ. ಪ್ರಕಾಶ್‌ಗೆ ಬಲು ಹುರುಪು. "ಆಕಾಶದಲ್ಲಿ ಇನ್ಮೇಲೆ ಹಳಿ ಇಲ್ಲ ಪದ್ದು!" ಅಂದರು.

ಎಷ್ಟು ರೊಮ್ಯಾಂಟಿಕ್! ಎಲ್ಲಿಗೆ ಮನಸ್ಸೋ ಅಲ್ಲಿಗೆ ನೆಟ್ಟಗೆ! ನಾನಂತೂ ಚಪ್ಪಾಳೆ ತಟ್ಟಿದೆ. ಅವರ ಮೇಲಧಿಕಾರಿ ದಕ್ಷಿಣಾಮೂರ್ತಿ ಎನ್ನುವವರು ಈ ಪ್ರಯೋಗವನ್ನು ಕೇಳಿ ತರಿಸಿಕೊಂಡಿದ್ದಾರಂತೆ, ಇದು ಗೆದ್ದರೆ ಅವರಿಗೆ ದಿಲ್ಲಿಗೆ ಬಡ್ತಿ.

ಸಂಜೆ ಋಷಿಕೊಂಡಕ್ಕೆ ಸ್ಕೂಟರಿನಲ್ಲಿ ಹೋದೆವು. ಸಮುದ್ರದ ಗಾಳಿಗೆ ನನ್ನ ಸೆರಗು ಅವರ ಮುಖದ ಮೇಲೆಲ್ಲ. ಸ್ವರ್ಗ!

ಡಿಸೆಂಬರ್ 13, ಮಂಗಳವಾರ

ಏನೋ ಆಗಿದೆ.

ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಪ್ರಕಾಶ್ ಎರಡು ಸಲ ಹಾಕಿಸಿಕೊಂಡು ಉಂಡರು. ಅತ್ತೆ ಒಂದು ತುತ್ತಿಗೇ "ಅಯ್ಯೋ ರಾಮ" ಅಂದರು. ಪ್ರಕಾಶ್ ಆಗಲೂ ತಲೆಯೆತ್ತಲಿಲ್ಲ.

ಮೊದಲು ಡ್ಯೂಟಿಯಿಂದ ಬಂದರೆ ರೇಡಿಯೋದಲ್ಲಿ ಯಾವ ಪೈಲಟ್ ಏನು ತಮಾಷೆ ಮಾಡಿದ ಎಂದು ಹೇಳುತ್ತಿದ್ದರು. ಈಗ "ಹೂಂ", "ಹೂಂಹೂಂ". ನೀಲಿ ಸೀರೆ ಉಟ್ಟು ಎದುರಿಗೇ ನಿಂತೆ. ನನ್ನನ್ನು ದಾಟಿ ಗೋಡೆ ನೋಡಿದರು.

ಮದುವೆಯಾಗಿ ಐದು ವಾರಕ್ಕೇ ಹೆಂಡತಿ ಹಳಬಳಾಗುತ್ತಾಳೆಯೇ? ನಮ್ಮ ಕ್ಲಾಸಿನ ಹುಡುಗಿಯರು ಎರಡು ವರ್ಷ ಅನ್ನುತ್ತಿದ್ದರು.

ಡಿಸೆಂಬರ್ 19, ಸೋಮವಾರ

ಗೊತ್ತಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಧನುರ್ಮಾಸ ಬಂದಿದೆ. ಇಲ್ಲಿ ಮನೆಮನೆಯ ಮುಂದೆ ಬೆಳಿಗ್ಗೆ ದೊಡ್ಡ ದೊಡ್ಡ ಮುಗ್ಗು ಹಾಕುತ್ತಾರೆ. ನಮ್ಮ ರಂಗೋಲಿಯೇ, ಬೀದಿಯಗಲ. ಎದುರು ಮನೆಯ ಗಂಗಾಭವಾನಿಯದು ನಮ್ಮ ಇಡೀ ಮರ್ರಿಪಾಲೆಂ ಬಡಾವಣೆಯಲ್ಲೇ ಹೆಸರಾದ ಕೈ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ಮೊಣಕಾಲಿನ ತನಕ ಜಡೆ.

ಬೆಳಗಿನ ಜಾವ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಸ್ಕೂಟರು ನಿಲ್ಲಿಸಿ, ನಮ್ಮ ಗೇಟಿಗೆ ಬೆನ್ನು ಹಾಕಿ, ಅವಳ ಮುಂದೆ ನಿಂತಿದ್ದರು. ಅವಳು ಬಗ್ಗಿ ಗೆರೆ ಎಳೆಯುತ್ತಿದ್ದಾಳೆ, ಇವರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ನಾನು ಕಿಟಕಿಯಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದೆ.

ಒಳಗೆ ಬಂದವರನ್ನು ಕೇಳಿದೆ, "ಲೇಟಾಯ್ತಾ?"

"ರಿಲೀವರ್ ಬರೋದು ತಡ ಆಯ್ತು."

ಸುಳ್ಳು! ಎಷ್ಟು ಸರಾಗವಾಗಿ!

ಡಿಸೆಂಬರ್ 20, ಮಂಗಳವಾರ

ಇವತ್ತೂ.

ಡಿಸೆಂಬರ್ 24, ಶನಿವಾರ

ನಾನೀಗ ಎಲ್ಲ ನೋಡುತ್ತೇನೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಮರಳು. ಶೂ ಒಳಗೂ ಮರಳು. ಏರ್‌ಪೋರ್ಟಿನಲ್ಲಿ ಮರಳೆಲ್ಲಿಯದು?

ಅತ್ತೆಯ ತಮ್ಮ ಭೀಮಿಲಿಯಿಂದ ಒಣಮೀನು ತಂದಿದ್ದರು, ಪಕ್ಕದ ಮನೆಯವರಿಗೆ. ಹೋಗುವಾಗ ಸಹಜವಾಗಿ ಅಂದರು, "ಗುರುವಾರ ಅಳಿಯನನ್ನ ನಮ್ಮ ಬೀಚಿನಲ್ಲಿ ನೋಡಿದೆ. ಕೂಗಿದರೂ ತಿರುಗಲಿಲ್ಲ." ಗುರುವಾರ ಇವರು ಓವರ್‌ಟೈಮ್ ಅಂದಿದ್ದರು.

ಭೀಮಿಲಿ! ಅಷ್ಟು ದೂರ! ಒಬ್ಬರೇ ಹೋಗುತ್ತಾರೆಯೇ ಯಾರಾದರೂ?

ಮಧ್ಯಾಹ್ನ ಗಂಗಾಭವಾನಿ ಕರಿಬೇವು ಕೇಳಲು ಬಂದಳು. "ಗುರುವಾರ ಕಾಣಲೇ ಇಲ್ಲ ನೀನು?" ಎಂದು ಕೇಳಿದೆ. ನನ್ನ ತೆಲುಗು ಇಷ್ಟು ಬೇಗ ಸುಧಾರಿಸಿದ್ದು ಇವಳ ಪುಣ್ಯ. "ಜ್ವರ ಅಕ್ಕಾ, ಮಲಗಿದ್ದೆ" ಅಂದಳು. ಜ್ವರ ಬಂದವಳು ಮರುದಿನ ಅಷ್ಟು ದೊಡ್ಡ ನವಿಲು ಬಿಡಿಸುತ್ತಾಳೋ? ಕರಿಬೇವು ಎರಡೇ ಎಸಳು ಕೊಟ್ಟೆ.

ಡಿಸೆಂಬರ್ 27, ಮಂಗಳವಾರ

ಇವತ್ತಿನದು ಉದ್ದವಾಗುತ್ತದೆ.

ಬೆಳಿಗ್ಗೆ ಸ್ಕೂಟರಿನ ಸದ್ದು ಕೇಳಿದ್ದೇ ತಡ, ನೈಟಿಯ ಮೇಲೆ ಶಾಲು ಹೊದ್ದು ಹೊರಗೆ ಬಂದೆ. ಗಂಗಾಭವಾನಿ ನವಿಲಿನ ಮುಗ್ಗು ಮುಗಿಸಿ ಒಳಗೆ ಹೋಗಿಯಾಗಿತ್ತು. ಇವರು ಆಗಲೂ ನಿಂತೇ ಇದ್ದರು. ಬರೀ ಬೀದಿಯನ್ನು ನೋಡುತ್ತ!

"ಅವಳು ಒಳಗೆ ಹೋದಳು. ಕರೀಲಾ?" ಅಂದೆ.

"ಯಾರು?"

"ಯಾರು ಅಂತೀರಾ! ದಿನಾ ನಿಂತು ನೋಡ್ತೀರಲ್ಲ, ಅವಳು! ಭೀಮಿಲಿಗೂ ಅವಳನ್ನೇ ಕರ್ಕೊಂಡು ಹೋಗಿದ್ರಾ?"

ಪ್ರಕಾಶ್ ನನ್ನನ್ನು ನೋಡಿದ ರೀತಿ! ಬೈದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಮುಗ್ಗಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. "ಇಲ್ಲಿ ಬಾ. ಈ ಚುಕ್ಕಿಗಳನ್ನ ನೋಡು. ಗೆರೆಗಳೆಲ್ಲ ಚುಕ್ಕಿ ಮುಟ್ಟಿಕೊಂಡೇ ಹೋಗ್ತವೆ ಕದಾ? ಎರಡು ಗೆರೆ ಕೂಡೋದು ಚುಕ್ಕಿ ಮೇಲೇನೇ. ಹಾಗಾಗಿ ನಾನು ಚುಕ್ಕಿಗಳನ್ನ ಮಾತ್ರ ಕಾದರೆ ಸಾಕು." ಅನಂತರ ಬೆರಳಿನಿಂದ ಆ ನವಿಲಿನ ಮೇಲೆಯೇ ಅಡ್ಡಡ್ಡ ಒಂದು ಗೆರೆ ಎಳೆದರು. "ಇದು ಯಾವ ಚುಕ್ಕಿನೂ ಮುಟ್ಟಲಿಲ್ಲ. ಎಷ್ಟು ಗೆರೆ ದಾಟಿತು ನೋಡು. ಎಲ್ಲೆಲ್ಲೋ. ಈಗ ಎಲ್ಲಿ ಕಾಯಲಿ?"

ಕಂಟ್ರೋಲ್ ರೂಮಿನಲ್ಲಿ ನಿಜವಾಗಿ ಏನಾಯಿತೆಂದು ಆಮೇಲೆ ಹೇಳಿದರು. ನೇರವಾಗಿ ಹೋಗುವ ವಿಮಾನ ಯಾವ ಹೆಸರಿನ ಜಾಗವನ್ನೂ ಹಾಯುವುದಿಲ್ಲ. ಹಾಗಾಗಿ ಬೋರ್ಡಿನ ಯಾವ ಸಾಲೂ ಅದರದಲ್ಲ. ಪ್ರಯೋಗ ಬಂತು, ಬೋರ್ಡು ಹಳೆಯದೇ ಉಳಿಯಿತು, ಕೂರುವವನೂ ಒಬ್ಬನೇ. ಪ್ರತಿ ಚೀಟಿಯನ್ನೂ ಉಳಿದೆಲ್ಲ ಚೀಟಿಗಳ ಜೊತೆ ಮನಸ್ಸಿನಲ್ಲೇ ತಾಳೆ ನೋಡಬೇಕು. ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆಯುವಷ್ಟರಲ್ಲಿ ಮತ್ತೊಬ್ಬ ಪೈಲಟ್ ಕರೆಯುತ್ತಾನೆ. ಎಲ್ಲರಿಗೂ ಅಡ್ಡದಾರಿ ಬೇಕು.

ಡಿಸೆಂಬರ್ ಹನ್ನೊಂದರಂದು ಮದರಾಸಿನಿಂದ ಕಲ್ಕತ್ತಾಕ್ಕೆ ನೇರ ಹೋಗುತ್ತಿದ್ದ ವಿಮಾನದ ಚೀಟಿಯನ್ನು 'ಸದ್ಯಕ್ಕೆ ಇಲ್ಲಿರಲಿ' ಎಂದು ಖಾಲಿ ಸಾಲೊಂದರಲ್ಲಿ ಸಿಕ್ಕಿಸಿದ್ದರು. ಅಷ್ಟರಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಇನ್ನೊಂದು ಕೆಳಗಿಳಿಯಲೇ ಎಂದು ಕೇಳಿತು. ಅಭ್ಯಾಸದಂತೆ ಅದರ ಸಾಲು ನೋಡಿದರು. ಸಾಲು ಖಾಲಿ. ಇಳಿಯಿರಿ ಅಂದರು. ಪೈಲಟ್ ಮೋಡದಿಂದ ಹೊರಬಂದಾಗ ಮುಂದೆಯೇ ಆ ಮದರಾಸಿನ ವಿಮಾನ. ಪಕ್ಕಕ್ಕೆ ತಿರುಗಿಸಿದನಂತೆ.

"ಅವನು ರೇಡಿಯೋದಲ್ಲಿ ಏನೂ ಬೈಲಿಲ್ಲ ಪದ್ದು. ಉಸಿರು ಕೇಳಿಸ್ತು, ಅಷ್ಟೇ."

ಲಿಖಿತವಾಗಿ ಯಾರೂ ಏನೂ ಕೊಟ್ಟಿಲ್ಲ. ದಕ್ಷಿಣಾಮೂರ್ತಿಯವರು ಪೈಲಟ್ ಜೊತೆ ಮಾತಾಡಿ ಸುಮ್ಮನಾಗಿಸಿದ್ದಾರೆ. ಇವರು ವರದಿ ಕೊಡುತ್ತೇನೆಂದು ಮೂರು ಸಲ ಹೋಗಿ ಮೂರು ಸಲವೂ ತಿರುಗಿ ಬಂದಿದ್ದಾರೆ. ಭೀಮಿಲಿಯಲ್ಲಿ ಆಕಾಶ ನೋಡುತ್ತ ಕೂತಿದ್ದರಂತೆ.

ನನಗೆ ಎಷ್ಟು ಹಗುರವಾಯಿತೆಂದರೆ, ಅಳುತ್ತಲೇ ನಕ್ಕೆ! ಬರೀ ವಿಮಾನದ ವಿಷಯ! ಬೇರೆ ಯಾರೂ ಇಲ್ಲ! "ಯಾರಿಗೂ ಏನೂ ಆಗಿಲ್ಲವಲ್ಲ ರೀ. ಸುಮ್ಮನಿದ್ದುಬಿಡಿ" ಎಂದು ಅವರ ಕೈ ಹಿಡಿದು ಆಣೆ ಹಾಕಿಸಿಕೊಂಡೆ. ಸಂಜೆ ಗಂಗಾಭವಾನಿಗೆ ಒಂದು ಕಂತೆ ಕರಿಬೇವು ಕೊಟ್ಟು ಬಂದೆ. ನವಿಲು ಕೆಡಿಸಿದವರು ಯಾರೆಂದು ಅವಳು ಇಡೀ ಬೀದಿಗೆ ಶಾಪ ಹಾಕುತ್ತಿದ್ದಳು.

ಡಿಸೆಂಬರ್ 30, ಶುಕ್ರವಾರ

ದಕ್ಷಿಣಾಮೂರ್ತಿ ಮನೆಗೇ ಬಂದಿದ್ದರು. ಕೈಯಲ್ಲಿ ಕಾಜಾ ಮಿಠಾಯಿಯ ಪೊಟ್ಟಣ, ಬಾಯಿ ತುಂಬ ನಗು. ಅತ್ತೆಯ ಕಾಲು ಮುಟ್ಟಿದರು. ನನಗೆ ಅಂದರು, "ಅಮ್ಮಾಯಿ, ನಿನ್ನ ಗಂಡ ಬಂಗಾರ. ಆದರೆ ವಿಪರೀತ ಯೋಚನೆ. ಹೊಸ ಹುಡುಗಿ ನೀನು, ಸ್ವಲ್ಪ ನಗಿಸು. ಆಕಾಶ ದೊಡ್ಡದು ಕದಾ, ಎರಡು ವಿಮಾನಕ್ಕೆ ಜಾಗ ಇಲ್ಲವಾ?"

ಅತ್ತೆ ಮರುಳಾದರು. ನಾನು ಕಾಜಾ ಬಾಯಿಗಿಟ್ಟು ಬಂದವರ ಕಣ್ಣು ನೋಡುತ್ತಿದ್ದೆ. ನಗುವಾಗ ಕಣ್ಣು ಪ್ರಕಾಶ್ ಮೇಲೆಯೇ ಇತ್ತು. ಸುಮ್ಮನಿರುವಂತೆ ನಾನು ಹೇಳಿದ ಮಾತನ್ನೇ ಈ ಮನುಷ್ಯನೂ ಹೇಳುತ್ತಿದ್ದಾನೆ, ಆದರೂ ಇವನ ಬಾಯಲ್ಲಿ ಅದು ಸರಿ ಕೇಳಿಸಲಿಲ್ಲ. ಯಾಕೋ.

1995 ಜನವರಿ 4, ಬುಧವಾರ

ಅಪ್ಪನ ಫೋನ್! ಸಂಕ್ರಾಂತಿಗೆ ಬರುತ್ತಾರಂತೆ, ಅಮ್ಮನೂ! ಬ್ಯಾಂಕಿನ ಎಲ್‌ಟಿಸಿ ಖರ್ಚಿನಲ್ಲಿ ವಿಮಾನದಲ್ಲೇ ಬರುತ್ತಾರಂತೆ. ನಿಮ್ಮಪ್ಪ ನರಸಿಂಹಮೂರ್ತಿಗಳು ಇಡೀ ಬ್ರಾಂಚಿಗೆ ಹೇಳಿಕೊಂಡು ತಿರುಗುತ್ತಿದ್ದಾರೆಂದು ಅಮ್ಮ ಹಿಂದಿನಿಂದ ಕೂಗಿದಳು. "ನನ್ನ ಅಳಿಯನೇ ಮೇಲಿಂದ ಇಳಿಸಿಕೊಳ್ತಾನೆ ಅಂತ ಹೇಳಿದೀನಿ ಕಣೇ!" ಅಂದರು ಅಪ್ಪ.

ಕುಣಿದುಬಿಟ್ಟೆ. ಕೂತ ಮೇಲೆ ಬೋರ್ಡಿನ ಆ ಖಾಲಿ ಸಾಲು ನೆನಪಾಯಿತು.

ಜನವರಿ 5, ಗುರುವಾರ

ಪ್ರಕಾಶ್ ಸ್ನಾನಕ್ಕೆ ಹೋದಾಗ ಮೈಸೂರಿಗೆ ಫೋನ್ ಮಾಡಿದೆ. "ಅಪ್ಪ, ಇಲ್ಲಿ ಬೆಳಿಗ್ಗೆ ಭಾರೀ ಮಂಜು, ವಿಮಾನ ಇಳಿಯೋದೇ ಇಲ್ಲ, ವಾಪಸ್ ಹೋಗ್ತಿದೆ. ರೈಲಿಗೆ ಬನ್ನಿ" ಎಂದೆ. ನಾನೂ ಎಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲೆ! ಅಪ್ಪ ಗೊಣಗಿದರು. ಅಮ್ಮನ ಮೇಲೆ ಆಣೆಯಿಟ್ಟು ಒಪ್ಪಿಸಿದೆ.

ರಿಸೀವರ್ ಇಟ್ಟು ತಿರುಗಿದರೆ ಪ್ರಕಾಶ್ ಬಾಗಿಲಲ್ಲಿ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಂಜಾ?" ಅಂದರು.

"ಮತ್ತೇನು ಹೇಳಲಿ? ನೀವೇ ಅಲ್ಲವಾ ಅಂದದ್ದು, ಎಲ್ಲಿ ಕಾಯಲಿ ಅಂತ!"

"ಸರಿಯಾಗೇ ಮಾಡಿದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು. "ಬೇರೆ ಹೆಣ್ಣುಮಕ್ಕಳ ಅಪ್ಪಂದಿರ ಫೋನ್ ನಂಬರ್ ನನ್ನ ಹತ್ರ ಇಲ್ಲ ಪದ್ದು."

ಆಮೇಲೆ ಬೀರು ತೆಗೆದು ಬಿಳಿ ಶರ್ಟು ಹುಡುಕತೊಡಗಿದರು. ಪ್ರಯೋಗದ ಪರಿಶೀಲನೆಗೆ ದೊಡ್ಡ ಅಧಿಕಾರಿಯೊಬ್ಬರು ಶನಿವಾರ ವಿಜಯವಾಡಕ್ಕೆ ಬರುತ್ತಾರಂತೆ. ಇವರು ಹೋಗುತ್ತಾರಂತೆ.

ಆಣೆ ನೆನಪಿಸಬೇಕೆಂದು ಬಾಯಿ ತೆರೆದೆ. ಶರ್ಟಿಗೆ ಇಸ್ತ್ರಿ ಹಾಕಿಕೊಟ್ಟೆ.

ಜನವರಿ 7, ಶನಿವಾರ. ವಿಜಯವಾಡ, ಸ್ಟೇಷನ್ನಿನಲ್ಲಿ

ನಾನೂ ಬಂದೆ. ಅತ್ತೆಗೆ ಕನಕದುರ್ಗಮ್ಮನ ಕುಂಕುಮ ತರುತ್ತೇನೆಂದು ಹೇಳಿದೆ. ನಿಜವೆಂದರೆ ಇವರು ಸಾಮರ್ಲಕೋಟದಲ್ಲೋ ರಾಜಮಂಡ್ರಿಯಲ್ಲೋ ಇಳಿದು ತಿರುಗಿಬಿಟ್ಟಾರು ಎಂಬ ಅನುಮಾನ. ಪ್ರತಿ ಸ್ಟೇಷನ್ನಿನಲ್ಲೂ ಅವರು ಎದ್ದಾಗ ನಾನೂ ಎದ್ದೆ. "ಕಾಫಿಗೆ ಕಣೇ!" ಎಂದು ಬೈದರು.

ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ಕಾದೆ. ಜನವರಿಯಲ್ಲೂ ಏನು ಬಿಸಿಲು! ಹೊರಬಂದ ಪ್ರಕಾಶ್ ಮುಖ ನೋಡಿದ್ದೇ ಎಳನೀರಿನವನನ್ನು ಕರೆದೆ.

ವರದಿ ತೆಗೆದುಕೊಂಡರಂತೆ. ಓದಿದರಂತೆ. ಆಮೇಲೆ ಆ ಅಧಿಕಾರಿ ಕೇಳಿದರಂತೆ, "ಮದುವೆ ಯಾವಾಗ ಆಯ್ತು?" ನವೆಂಬರ್ ಅಂದರೆ ಎದುರಿಗಿದ್ದವರೆಲ್ಲ ಮುಸಿಮುಸಿ. "ಮತ್ತೆ ನಿದ್ದೆ ಎಲ್ಲಿಂದ ಬರಬೇಕು ಪಾಪ!" ದಕ್ಷಿಣಾಮೂರ್ತಿ ಮೊದಲೇ ಹೇಳಿಟ್ಟಿದ್ದರು: ಹುಡುಗನಿಗೆ ಹೊಸ ಮದುವೆ, ಗಮನ ಕೆಲಸದಲ್ಲಿಲ್ಲ. ಪ್ರಯೋಗದಲ್ಲಿ ದೋಷವಿಲ್ಲ, ದೋಷವೆಲ್ಲ ನನ್ನಲ್ಲಿ! ನಾನು ಅವರ ನಿದ್ದೆ ಕೆಡಿಸಿದ್ದು!

ಇಡೀ ಡಿಸೆಂಬರ್ ನನ್ನ ಗಂಡ ನನ್ನ ಕಡೆ ತಿರುಗಿಯೂ ನೋಡಲಿಲ್ಲವಲ್ಲ, ಅದನ್ನು ಆ ಕೋಣೆಗೆ ನುಗ್ಗಿ ಹೇಳಿಬರಲೇ ಅನಿಸಿತು. ಪ್ರಕಾಶ್ ರಟ್ಟೆ ಹಿಡಿದು ಕೂರಿಸಿದರು.

ವಿಶ್ರಾಂತಿಯ ಹೆಸರಿನಲ್ಲಿ ಇವರನ್ನು ಬೋರ್ಡಿನಿಂದ ಇಳಿಸಿದ್ದಾರೆ. ಕುಂಕುಮಕ್ಕೆ ದುರ್ಗಮ್ಮನ ಬೆಟ್ಟ ಹತ್ತಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಸ್ಟೇಷನ್ನಿನ ಅಂಗಡಿಯಲ್ಲಿ ಕೊಂಡೆ.

ಜನವರಿ 10, ಮಂಗಳವಾರ

ಮನೆಯಲ್ಲೇ ಇದ್ದಾರೆ. ಅತ್ತೆ ಕೇಳಿದರೆ ರಜೆ ಅನ್ನುತ್ತೇವೆ. ಒಬ್ಬರು ಕಡಿಮೆಯಾದ್ದರಿಂದ ಬೋರ್ಡಿಗೆ ದಕ್ಷಿಣಾಮೂರ್ತಿಯವರೇ ಕೂರುತ್ತಿದ್ದಾರಂತೆ. ಅವರು ಬೋರ್ಡು ಬಿಟ್ಟು ವರ್ಷಗಳಾಗಿವೆ.

"ಅವರಿಗೆ ಆಗುತ್ತಾ?" ಎಂದು ಕೇಳಿದೆ.

ಪ್ರಕಾಶ್ ಹೊರಗೆ ಹೋಗಿ ಆಕಾಶ ನೋಡಿದರು.

ಜನವರಿ 13, ಶುಕ್ರವಾರ. ಭೋಗಿ

ಅಪ್ಪ, ಅಮ್ಮ ನಿನ್ನೆ ರೈಲಿನಲ್ಲಿ ಬಂದಿಳಿದರು. "ಮಂಜೆಲ್ಲೇ? ಸೂರ್ಯ ಹಲ್ಲು ಕಿರೀತಿದಾನೆ!" ಎಂದು ಅಪ್ಪ ಈಗಲೂ ಕೋಪದಲ್ಲೇ ಇದ್ದಾರೆ.

ಬೆಳಿಗ್ಗೆ ಬೀದಿಯ ಭೋಗಿ ಬೆಂಕಿ ಆರಿ, ಎಲ್ಲರೂ ಎಣ್ಣೆನೀರು ಮುಗಿಸಿ ತಿಂಡಿಗೆ ಕೂತಿದ್ದೆವು. ದಕ್ಷಿಣಾಮೂರ್ತಿ ಬಂದರು. ಕೈ ಖಾಲಿ, ಕ್ಷೌರ ಮಾಡಿಕೊಂಡಿರಲಿಲ್ಲ. ಡ್ಯೂಟಿಯಿಂದ ನೇರವಾಗಿ ಬಂದಿದ್ದರು. ಕುರ್ಚಿಯಲ್ಲಿ ಕೂತು ಪ್ರಕಾಶ್ ಕಡೆಗಲ್ಲ, ನೆಲದ ಕಡೆಗೆ ಹೇಳಿದರು: "ಎರಡೂ ಒಂದೇ ಎತ್ತರ. ನಾನು ಸಾಲು ನೋಡಿದೆ. ಸಾಲು ಖಾಲಿ ಇತ್ತು ಪ್ರಕಾಶೂ."

ಪ್ರಕಾಶ್ ಎದ್ದು ನಿಂತರು. "ಸಾರ್, ಅವು?"

"ತಾಗದೆ ದಾಟಿ ಹೋದವು. ದೇವರ ದಯೆ." ಲೋಟ ಎತ್ತಿಕೊಂಡರು, ಕುಡಿಯದೆ ಇಟ್ಟರು. "ನಿನ್ನ ಆ ವರದಿ, ಅದರ ಇನ್ನೊಂದು ಪ್ರತಿ ಇದೆಯಾ? ಇದ್ದರೆ ಕೊಡು. ನಾನು ಕೆಳಗೆ ಸಹಿ ಹಾಕಿ ಕಳಿಸ್ತೀನಿ."

ಪ್ರಕಾಶ್‌ಗೆ ಕಣ್ಣು ತುಂಬಿ ಬಂತು. ಬೀರುವಿನ ಕಡೆ ಹೊರಟೇಬಿಟ್ಟರು. ಪಾಪ, ಇವರು ಯಾರನ್ನಾದರೂ ನಂಬುತ್ತಾರೆ. ನಾನು ಅಡ್ಡ ನಿಂತೆ.

"ಪ್ರತಿ ಇಲ್ಲ ಸಾರ್" ಅಂದೆ. ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡೆ. ಉಪ್ಪಿಟ್ಟಿನ ತಟ್ಟೆ ಸರಿಸಿ ಹಾಳೆ ಇಟ್ಟೆ. "ಅದು ಇವರದು. ನೀವು ನೋಡಿದ್ದನ್ನ ನೀವೇ ಬರೀರಿ."

"ಪದ್ದೂ!" ಅಂದರು ಅತ್ತೆ. ಮನೆಗೆ ಬಂದ ದೊಡ್ಡವರಿಗೆ ಹೀಗೆ ಮಾತಾಡುವ ಸೊಸೆಯನ್ನು ಅವರು ಕಂಡಿರಲಿಕ್ಕಿಲ್ಲ. ಅಪ್ಪ ಚಮಚ ಹಿಡಿದ ಕೈ ಹಾಗೇ ನಿಲ್ಲಿಸಿದ್ದರು.

ದಕ್ಷಿಣಾಮೂರ್ತಿ ನನ್ನನ್ನು ನೋಡಿದರು. ಹಾಳೆ ಹತ್ತಿರ ಎಳೆದುಕೊಂಡು ಬರೆಯತೊಡಗಿದರು. ನಾನು ಹಿಂದೆ ನಿಂತು ಓದುತ್ತಿದ್ದೆ. ಇಂಗ್ಲಿಷು ಚೆನ್ನಾಗಿತ್ತು, ಬೇಕಾದ್ದಕ್ಕಿಂತ ಚೆನ್ನಾಗಿತ್ತು. ಎರಡು ವಿಮಾನಗಳು 'ಸ್ವಲ್ಪ ಹತ್ತಿರ' ಬಂದವು ಎಂದು ಬರೆದಿದ್ದರು.

"ಸ್ವಲ್ಪ ಅಂದರೆ ಎಷ್ಟು ಸಾರ್?"

ಪೆನ್ನು ನಿಂತಿತು. ಪ್ರಕಾಶ್ ಕಡೆ ನೋಡಿದರು, ಪ್ರಕಾಶ್ ಕ್ಯಾಲೆಂಡರು ನೋಡುತ್ತಿದ್ದರು. ಕೊನೆಗೆ ಆ ಮಾತು ಹೊಡೆದುಹಾಕಿ ದೂರವನ್ನು ಅಂಕಿಯಲ್ಲಿ ಬರೆದರು. ಅದನ್ನು ಕಂಡು ಪ್ರಕಾಶ್ ಮೆಲ್ಲಗೆ ಕುರ್ಚಿಯ ಬೆನ್ನು ಹಿಡಿದುಕೊಂಡರು. ಕೆಳಗೆ ಇನ್ನೆರಡು ಸಾಲು: ಬೋರ್ಡು ಬದಲಾಗಿ, ಇಬ್ಬರು ಕೂರುವ ತನಕ ನೇರ ದಾರಿ ನಿಲ್ಲಿಸಬೇಕು, ಡಿಸೆಂಬರ್ ಹನ್ನೊಂದರಂದು ನಡೆದದ್ದೂ ಇದೇ ಕಾರಣಕ್ಕೆ, ಅಂದು ಬೋರ್ಡಿನಲ್ಲಿದ್ದ ಪ್ರಕಾಶ್ ನಿರ್ಲಕ್ಷ್ಯದಿಂದಲ್ಲ. ಸಹಿ. ತಾರೀಖು ಬಿಟ್ಟಿದ್ದರು, ಕೇಳಿ ಹಾಕಿಸಿದೆ.

"ನಾನೇ ಹೋಗಿ ದಿಲ್ಲಿಗೆ ಫ್ಯಾಕ್ಸ್ ಮಾಡ್ತೀನಿ" ಎಂದು ಎದ್ದರು.

ಮಾಡಿಯಾರು. ಪಾಪ, ಅವರ ಭಯ ನಟನೆಯಲ್ಲ. ಆದರೂ ಕಾಗದವನ್ನು ಮಡಿಸಿ ಪ್ರಕಾಶ್ ಜೇಬಿಗೆ ಹಾಕಿ, ಗುಂಡಿ ಹಾಕಿ, ಅವರಿಗೇ ಸ್ಕೂಟರು ಓಡಿಸಲು ಹೇಳಿ, ಸಾಹೇಬರನ್ನು ಹಿಂದೆ ಕೂರಿಸಿ ಕಳಿಸಿದೆ.